ಆರನೆಯ ಮೊಟ್ಟೆ

ಅಕ್ಕ ತೀರಿಕೊಂಡ ಮೇಲೆ ಲ್ಯಾಬಿನಲ್ಲಿ ಅವಳ ಕುರ್ಚಿ ನನಗೆ ಸಿಕ್ಕಿತು. ನಿಜ ಹೇಳಿಬಿಡುತ್ತೇನೆ, ಅತ್ತಿದ್ದಕ್ಕಿಂತ ಒಳಗೊಳಗೇ ಹಿಗ್ಗಿದ್ದೇ ಹೆಚ್ಚು. ಮೀನಿನ ಕಿವಿರಿಗೆ ಅಂಟಿಕೊಂಡು ಬದುಕುವ ಹುಳುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯುವುದು ನಮ್ಮಿಬ್ಬರ ಕೆಲಸ. ಹನ್ನೆರಡು ವರ್ಷ, ನಾನು ಏನು ಬರೆದರೂ ಲ್ಯಾಬಿನ ಮೇಡಂ "ಅಕ್ಕನಿಗೊಮ್ಮೆ ತೋರಿಸಿಬಿಡು" ಎನ್ನುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಅಲ್ಲಿ ಕೂತ ಮೊದಲ ದಿನ, ಮಟಮಟ ಮಧ್ಯಾಹ್ನ. ಅಕ್ಕನ ಮೈಕ್ರೋಸ್ಕೋಪಿಗೆ ಚಿತ್ರ ಬರೆಯಲೆಂದೇ ಒಂದು ಕನ್ನಡಿ ಇದೆ. ಕಣ್ಣಿಟ್ಟರೆ ಹುಳುವಿನ ಮೇಲೆಯೇ ಪಕ್ಕದ ಹಾಳೆಯೂ ನಮ್ಮ ಪೆನ್ಸಿಲ್ ತುದಿಯೂ ಕಾಣುತ್ತವೆ, ಗೆರೆ ತಿದ್ದಿಕೊಂಡು ಹೋದರಾಯಿತು. ಕಣ್ಣಿಟ್ಟೆ. ಕಣ್ಣಿಡುವ ಗಾಜು ಬೆಚ್ಚಗಿತ್ತು, ಈಗಷ್ಟೇ ಯಾರೋ ನೋಡಿ ಎದ್ದುಹೋದ ಹಾಗೆ.

ಹುಳುವಿನ ಹೊಟ್ಟೆಯಲ್ಲಿ ಐದು ಮೊಟ್ಟೆ. ಐದನ್ನೂ ಬರೆದು ಮುಗಿಸುವಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ಪೆನ್ಸಿಲ್ ತುದಿ ಬಂತು. ಅಕ್ಕ ಎಡಗೈಯಲ್ಲಿ ಬರೆಯುತ್ತಿದ್ದವಳು. ತಲೆಯೆತ್ತಿದೆ, ಮೇಜಿನ ಮೇಲೆ ನನ್ನ ಕೈಯೊಂದೇ. ಮತ್ತೆ ಕಣ್ಣಿಟ್ಟರೆ, ಆ ತುದಿ ಸಾವಕಾಶವಾಗಿ ಒಂದು ದುಂಡು ಗೆರೆ ಎಳೆಯುತ್ತಿತ್ತು.

"ಸತ್ತ ಮೇಲಾದರೂ ನನ್ನ ಪಾಡಿಗೆ ನನ್ನ ಬಿಡೇ!" ಎಂದು ಕಿರುಚಿಬಿಟ್ಟೆ.

ಹಾಳೆಯ ಮೇಲೆ ಆರು ಮೊಟ್ಟೆಗಳಿದ್ದವು. ಅಳಿಸಲು ರಬ್ಬರ್ ಹುಡುಕುತ್ತಿದ್ದಾಗಲೇ ಮೇಡಂ ಓಡಿಬಂದರು. ಚಿತ್ರ ನೋಡಿದರು, ಬಗ್ಗಿ ಹುಳುವನ್ನೂ ನೋಡಿದರು.

"ಐದನೆಯದರ ಅಡಿಯಲ್ಲಿ ಇನ್ನೊಂದು ಮಸುಕಾಗಿದೆ. ಅದೂ ಕಂಡಿತೇನೇ ನಿನಗೆ? ಅಂತೂ ಅಕ್ಕನ ಕಣ್ಣು ಬಂತು ನೋಡು!"

ಚಿತ್ರ ನನ್ನ ಹೆಸರಿನಲ್ಲೇ ಅಚ್ಚಾಯಿತು. ಆ ಹುಳುವಿನ ಸ್ಲೈಡ್ ಈಗಲೂ ನನ್ನ ಡ್ರಾಯರಿನಲ್ಲಿದೆ. ವಾರಕ್ಕೊಮ್ಮೆಯಾದರೂ ತೆಗೆದು ನೋಡುತ್ತೇನೆ. ಪ್ರತಿ ಸಲವೂ ಕಣ್ಣಿಡುವ ಗಾಜು ಬೆಚ್ಚಗಿರುತ್ತದೆ. ಮೊಟ್ಟೆ ಮಾತ್ರ ನನಗೆ ಐದೇ ಕಾಣುತ್ತವೆ.