ಬೆಲೆಯಿಲ್ಲದ ತುಂಡುಗಳು

ಬೀಗ ಇದ್ದ ಹಾಗೇ ಇತ್ತು. ಬೀರು ಮಾತ್ರ ಖಾಲಿ!

ಔಷಧಿ ಅಂಗಡಿಯ ಯಜಮಾನ ಬೆಪ್ಪಾಗಿ ನಿಂತ. ಹೃದಯದ ಮಾತ್ರೆಯ ಹೊಸ ಪೆಟ್ಟಿಗೆಗಳು ಹಿಂದಿನ ಸಂಜೆ ಅಲ್ಲೇ ಇದ್ದವು. ಇಷ್ಟು ವರ್ಷ ಆ ಮಾತ್ರೆಯನ್ನು ಒಂದೇ ಕಂಪನಿ ಮಾಡುತ್ತಿತ್ತು. ಪೇಟೆಂಟ್ ಅದರದು, ಹಾಗಾಗಿ ಹೇಳಿದ್ದೇ ಬೆಲೆ. ಈಗ ಪೇಟೆಂಟ್ ಮುಗಿದು, ಬೇರೊಬ್ಬರು ಅದೇ ಮಾತ್ರೆಯನ್ನು ಕಾಲು ಬೆಲೆಗೆ ತಂದಿದ್ದರು. ಎದುರು ಬೀದಿಯ ಟೈಲರಮ್ಮನ ಗಂಡ ಖರ್ಚಿಗೆ ಹೆದರಿ ದಿನ ಬಿಟ್ಟು ದಿನ ನುಂಗುತ್ತಿದ್ದ. ಇನ್ನು ದಿನಾ ಕೊಡಬಹುದು ಎಂದು ಯಜಮಾನ ಅವಳಿಗೆ ಬಾಯಿತುಂಬ ಹೇಳಿ ಕಳಿಸಿದ್ದ. ಈಗ ಯಾವ ಮುಖ ಹೊತ್ತು ಅವಳೆದುರು ನಿಲ್ಲುವುದು?

ಪೊಲೀಸರು ಬಂದರು, ಹೋದರು. ವಾರ ಕಳೆದ ಮೇಲೆ ಗ್ರಾಹಕ ರಕ್ಷಣಾ ಕಚೇರಿಯ ಅಧಿಕಾರಿ ಬಂದರು. ಅವರನ್ನು ಊರೆಲ್ಲ ಕರೆಯುವುದು ತಕ್ಕಡಿ ಮೇಡಂ ಎಂದೇ.

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ಬೆಳಿಗ್ಗೆ ಕೌಂಟರಿನಲ್ಲಿ ಕೂರೋ ಕೆಲಸದಮ್ಮನ ಹತ್ರ, ಸಂಜೆ ಕೂರೋ ನನ್ನ ಭಾವಮೈದನ ಹತ್ರ. ಆದ್ರೆ ಮೇಡಂ, ಹಳೇ ಕಂಪನಿಯ ಏಜೆಂಟನ್ನ ವಿಚಾರಿಸಿ. ಅವತ್ತು ಹೊಸ ಪೆಟ್ಟಿಗೆ ನೋಡಿ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿದ್ದ."

ಮೇಡಂ ಏಜೆಂಟನ ಗೊಡವೆಗೇ ಹೋಗಲಿಲ್ಲ. ಬೀದಿಯ ರೋಗಿಗಳು ಆ ವಾರ ಅಂಗಡಿಯಿಂದ ಕೊಂಡಿದ್ದ ಹೃದಯದ ಮಾತ್ರೆಗಳನ್ನು ತರಿಸಿಕೊಂಡರು. ಎಲ್ಲರೂ ಸಂಜೆ ಕೊಂಡವರು, ಎಲ್ಲರೂ ಹಳೆಯ ಬೆಲೆ ತೆತ್ತವರು. ಎಲ್ಲರ ಕೈಯಲ್ಲೂ ಸ್ಟ್ರಿಪ್ಪಿನಿಂದ ಕತ್ತರಿಸಿದ ತುಂಡುಗಳು.

"ಬಿಡಿ ಮಾತ್ರೆ ಹೇಗೆ ಕತ್ತರಿಸ್ತೀರಿ?"

ಹೆಸರು, ಬೆಲೆ, ತಾರೀಖು ಇರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತೇವೆ, ಎಲ್ಲ ಅಂಗಡಿಯಲ್ಲೂ ಹಾಗೇ ಎಂದ ಯಜಮಾನ.

"ಸರಿ. ಕೊನೇ ತುಂಡು ಯಾರಿಗೋ ಒಬ್ಬರಿಗೆ ಬರಲೇಬೇಕಲ್ಲ? ಇಷ್ಟು ಜನರಲ್ಲಿ ಒಬ್ಬರಿಗೂ ಬಂದಿಲ್ಲ — ಯಾಕೆ?"

ಊಟದ ಹೊತ್ತಾಯಿತು, ಮನೆಗೆ ಬನ್ನಿ ಎಂದು ಯಜಮಾನ ಅವರನ್ನು ಕರೆದುಕೊಂಡು ಹೋದ.

ಊಟವಾಯಿತು. ಅವನ ಹೆಂಡತಿ ನೀರು ತಂದುಕೊಂಡು ಮಾತ್ರೆ ಬಿಡಿಸಿದಳು. ಮೇಡಂ ಕೈ ಚಾಚಿದರು. ಅದೇ ಹೃದಯದ ಮಾತ್ರೆ, ಹೊಸ ಕಂಪನಿಯದು! ಇಡೀ ಸ್ಟ್ರಿಪ್, ತುದಿಯಲ್ಲಿ ಕಾಲು ಬೆಲೆ. ಊರಿಗೆಲ್ಲ ಔಷಧಿ ಕೊಡುವವನಿಗೆ ಹೆಂಡತಿ ಏನು ನುಂಗುತ್ತಾಳೆ ಎಂಬುದೇ ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಇದನ್ನ ಯಾರು ತಂದುಕೊಟ್ರು ಅಕ್ಕ?" ಎಂದು ಮೇಡಂ ಕೇಳಿದರು.

"ನನ್ನ ತಮ್ಮ. ಯಾವಾಗಲೂ ಅವನೇ ತರೋದು."

ತಮ್ಮನನ್ನು ಕರೆಸಿದರು. ಮೇಡಂ ಸುತ್ತಿಬಳಸಲಿಲ್ಲ. ಪೆಟ್ಟಿಗೆ ಸಾಗಿಸಿದವನು ನೀನೇ. ಹಳೇ ಮಾತ್ರೆ ಅಂತ ಹೇಳಿ ಹಳೇ ಬೆಲೆಗೆ ಮಾರಿ ದುಡ್ಡು ಜೇಬಿಗಿಳಿಸಿದ್ದೀಯ. ಗುಟ್ಟು ಬಯಲಾಗಬಾರದೆಂದು ತುದಿಗಳನ್ನು ಎಸೆದಿದ್ದೀಯ ಎಂದರು. ಕದ್ದವನಿಗೆ ಮಾತ್ರ ತುದಿ ಮುಚ್ಚಿಡುವ ಅಗತ್ಯ; ಬೆಲೆಯಿರುವ ತುದಿ ಸಿಕ್ಕಿದ್ದು ಈ ಒಂದೇ ಮನೆಯಲ್ಲಿ, ತಂದುಕೊಟ್ಟವನು ಸಂಜೆ ಅಂಗಡಿಯಲ್ಲಿ ಕೂರುವವನು.

ಅವನು ಮೊದಲು ಜೋರು ಮಾಡಿದ. "ಮಾರುಕಟ್ಟೆ ಸ್ವತಂತ್ರ ಅಲ್ವಾ ಮೇಡಂ? ಕೇಳಿದ್ದು ಕೊಟ್ರು, ತಗೊಂಡು ಹೋದ್ರು."

"ಎರಡು ಬೆಲೆನೂ ನೋಡಿ ಆರಿಸಿಕೊಂಡಿದ್ರೆ ಸ್ವತಂತ್ರ. ನೀನು ಬೆಲೆನೇ ಕತ್ತರಿಸಿಬಿಟ್ಟೆ. ಅದಿರಲಿ, ನಿನ್ನಕ್ಕನಿಗೆ ಮಾತ್ರ ಯಾಕೆ ಪೂರ್ತಿ ಸ್ಟ್ರಿಪ್?"

ಅವನ ತಲೆ ತಗ್ಗಿತು. "ಅಕ್ಕನಿಗೆ ಹೇಗೆ ಮೋಸ ಮಾಡ್ಲಿ?"

ಅಕ್ಕ ಲೋಟ ಕೆಳಗಿಟ್ಟಳು. "ಟೈಲರಮ್ಮನೂ ಯಾರಿಗೋ ಅಕ್ಕ ಕಣೋ."

ಉಳಿದ ಪೆಟ್ಟಿಗೆಗಳು ಅವನ ಮಂಚದಡಿ ಸಿಕ್ಕವು. ಮೇಡಂ ಕೇಸು ಬರೆದುಕೊಂಡರು, ಯಜಮಾನ ಬೇಡವೆನ್ನಲಿಲ್ಲ. ಸಂಜೆ ಅವನೇ ಟೈಲರಮ್ಮನ ಮನೆಗೆ ಹೋಗಿ, ಕಳ್ಳ ನಮ್ಮನೆಯವನೇ ಎಂದು ಒಪ್ಪಿಕೊಂಡು, ಹೆಚ್ಚಿಗೆ ತೆಗೆದುಕೊಂಡ ದುಡ್ಡಿನ ಜೊತೆ ಒಂದು ಇಡೀ ಸ್ಟ್ರಿಪ್ ಕೈಗಿಟ್ಟ. ಅವಳು ತುದಿಯ ಬೆಲೆಯನ್ನು ಎರಡು ಸಲ ಓದಿ ಒಳಗೆ ಕೂಗಿದಳು.

"ರೀ, ಮಾತ್ರೆ ತಗೊಳ್ಳಿ."

"ನಿನ್ನೆ ತಾನೆ ತಗೊಂಡೆನಲ್ಲೇ?"

"ಇವತ್ತೂ ತಗೊಳ್ಳಿ" ಎಂದಳು ಅವಳು, ನಗುತ್ತಾ.