ತುಳುಕದ ಲೋಟ

ಕೆಲಸದ ಸಂದರ್ಶನ ಮುಗಿಸಿ ಹೊರಬಂದವಳು ಕಣ್ಣೊರೆಸಿಕೊಂಡಳು. ಎಂಜಿನಿಯರಿಂಗ್ ಕಾಲೇಜಿಗೇ ಮೊದಲಿಗಳು. ಎಲ್ಲರ ಬಾಯಲ್ಲೂ ‘ಟಾಪರಮ್ಮ’. ಕಂಪನಿಯವರು ಕೇಳಿದ್ದು ಒಂದೇ: “ಯಾರೂ ಹೇಳಿಕೊಡದೆ ನೀವಾಗಿಯೇ ಏನು ಕಲಿತಿದ್ದೀರಿ?” ಅವಳು ಅಂಕಪಟ್ಟಿ ತೋರಿಸಿದಳು; ಅವರು ಅದನ್ನು ಹಿಂದಕ್ಕೆ ತಳ್ಳಿದರು.

ಮುಖ ಮರೆಸಿಕೊಳ್ಳಲು ಕಾಲೇಜಿನ ವರ್ಕ್‌ಶಾಪಿಗೆ ನುಗ್ಗಿದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ರೋಬೋ ತೋಳಿನ ಕೆಳಗಿಂದ ಯಾರದೋ ಕಾಲುಗಳು ಚಾಚಿದ್ದವು.

“ಯಾರ್ರೀ ಅದು? ವೈರ್ ಯಾಕೆ ಕೀಳ್ತಿದ್ದೀರಾ?”

“ಕೀಳ್ತಿಲ್ಲ ರೀ, ಸೇರಿಸ್ತಿದ್ದೀನಿ. ಮೇಷ್ಟ್ರ ಪರ್ಮಿಷನ್ ಇದೆ.” ಮೂಗಿಗೆ ಗ್ರೀಸ್ ಮೆತ್ತಿಕೊಂಡ ಹುಡುಗನೊಬ್ಬ ತೆವಳಿ ಹೊರಬಂದ. “ನಾನು ಪಕ್ಕದ ಆರ್ಟ್ಸ್ ಕಾಲೇಜಲ್ಲಿ ಹಿಸ್ಟರಿ ಓದ್ತಿರೋನು.”

“ಹಿಸ್ಟರಿಯವರಿಗೆ ಇಲ್ಲೇನ್ರೀ ಕೆಲಸ?”

“ಅಪ್ಪ ಕೆಲಸ ಮಾಡೋ ಕಡೆ ಇಂಥದ್ದೊಂದು ಬಂತು. ಪಾಪ, ಹೆದರಿ ಹತ್ತಿರಾನೇ ಹೋಗ್ಲಿಲ್ಲ. ನಾನು ಹೆದರೋಕೆ ಮುಂಚೆ ಪರಿಚಯ ಮಾಡ್ಕೊಂಡುಬಿಡೋಣ ಅಂತ.”

ಅಳುವಿನ ಬೆನ್ನಿಗೇ ಅವಳಿಗೆ ನಗು ಬಂತು.

ವಿಡಿಯೋ ನೋಡಿ, ಕೈ ಸುಟ್ಟುಕೊಂಡು, ಮತ್ತೆ ನೋಡಿ ಅವನು ಅದಕ್ಕೆ ಜೀವ ತಂದಿದ್ದ. ಆದರೆ ತೋಳು ಕುಡಿದವನಂತೆ ಓಲಾಡುತ್ತಿತ್ತು. ಕೋನಗಳ ಲೆಕ್ಕ ಅವನ ತಲೆಗೆ ಹತ್ತುತ್ತಿರಲಿಲ್ಲ. ಅವಳಿಗೆ ಲೆಕ್ಕ ಸಲೀಸು. ಸ್ಕ್ರೂಡ್ರೈವರ್ ಮಾತ್ರ ಹಿಡಿದು ಗೊತ್ತಿಲ್ಲ.

“ಹಾಗಲ್ಲ, ಹೀಗೆ,” ಎಂದು ಅವಳ ಬೆರಳುಗಳನ್ನು ತಿರುಗಿಸಿ ಹಿಡಿಸಿದ. ಸ್ಕ್ರೂ ಬಿಗಿಯಾಯಿತು. ಬೆರಳು ಬಿಡುವುದನ್ನು ಇಬ್ಬರೂ ಮರೆತರು.

ಅಂದಿನಿಂದ ಕ್ಲಾಸು ಮುಗಿದರೆ ಅವಳು ಅಲ್ಲೇ. ಸಿಲಬಸ್ಸಿಲ್ಲ, ಪರೀಕ್ಷೆಯಿಲ್ಲ. ಒಮ್ಮೆ ಅವಳ ಲೆಕ್ಕ ತಪ್ಪಿ ಮೋಟರೇ ಸುಟ್ಟಿತು. ಅವಳ ಮುಖ ಬಿಳಿಚಿಕೊಂಡಿತು.

“ಸದ್ಯ! ಟಾಪರಮ್ಮನೂ ತಪ್ಪು ಮಾಡ್ತಾರೆ,” ಎಂದು ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳು ಅಲ್ಲೇ ಸೋತಳು.

ಒಂದು ಸಂಜೆ, ಕಿಟಕಿಯ ಬಿಸಿಲು ಕಬ್ಬಿಣದ ಮೇಲೆ ಜಾರುತ್ತಿದ್ದಾಗ, ತೋಳು ನೀರು ತುಂಬಿದ ಲೋಟವನ್ನು ಹಿಡಿಯಿತು. ಎತ್ತಿತು. ನಿದ್ದೆಹೋದ ಕೂಸನ್ನು ಮಲಗಿಸುವಂತೆ ಮೆಲ್ಲಗೆ ತಿರುಗಿ ಆಚೆ ಮೇಜಿನ ಮೇಲಿಟ್ಟಿತು. ಒಂದು ಹನಿಯೂ ತುಳುಕಲಿಲ್ಲ.

ಅವಳ ಮೈ ಝುಮ್ಮೆಂದಿತು. ಯಾರೂ ಕಲಿಸದೆ ಕಲಿತದ್ದು ಕಣ್ಣೆದುರೇ ಉಸಿರಾಡಿದ ಹಾಗಿತ್ತು. “ನೋಡಿದ್ರಾ?” ಎಂದು ತಿರುಗಿದರೆ, ಅವನು ನೋಡುತ್ತಿದ್ದುದು ಅವಳನ್ನು.

“ಲೋಟ ಅಲ್ಲಿದೆ ರೀ.”

“ಇರ್ಲಿ ಬಿಡಿ. ನಂಗೆ ಇಲ್ಲಿಂದ ಕಣ್ಣು ಕೀಳೋಕೆ ಆಗ್ತಿಲ್ಲ.”

ಅವಳ ಕಿವಿ ಬಿಸಿಯಾಯಿತು. ತೋಳು ಓಡಿಸುವ ಗುಂಡಿಯ ಮೇಲೆ ಕೈಯಿಟ್ಟವಳು ಒತ್ತದೆ ನಿಂತಳು. “ಇನ್ನೊಂದ್ಸಲ ಓಡಿಸೋಣ. ನೀನೇ ಒತ್ತು.”

“ಏನಂದ್ರಿ?”

“ನೀನೇ ಒತ್ತು ಅಂದೆ ಕಣೋ.”

ಅವನು ಅವಳ ಕೈಯ ಮೇಲೆ ಕೈಯಿಟ್ಟ. “ಇಬ್ಬರೂ ಒತ್ತೋಣ ಕಣೇ.”

ತೋಳು ಮೆಲ್ಲಗೆ ಎದ್ದಿತು. ಈ ಸಲ ಅದನ್ನು ಇಬ್ಬರೂ ನೋಡಲಿಲ್ಲ.