ಹಿಮದ ಬೀದಿಯ ಒಣ ಕುರ್ಚಿ

ಹಿಮ ತುರ್ತುಸ್ಥಿತಿ ಘೋಷಣೆಯಾಯಿತೆಂದರೆ ಡಾರ್ಚೆಸ್ಟರ್‌ನ ಮುಖ್ಯರಸ್ತೆಯಲ್ಲಿ ಒಂದು ಕಾರೂ ನಿಲ್ಲಕೂಡದು. ನಿಂತದ್ದನ್ನು ಎಳೆದೊಯ್ಯುವವನು ನಾನು, ಮಲಾಕಿ. ನನ್ನ ಲಾರಿ ಕಂಡರೆ ಜನ ಹಿಡಿಶಾಪ ಹಾಕುತ್ತಾರೆ. ಹಾಕಲಿ, ಅಭ್ಯಾಸವಾಗಿದೆ. ಆ ಬೆಳಿಗ್ಗೆ ಹಿಮದಲ್ಲಿ ಹೂತಿದ್ದ ಹಸಿರು ಕಾರಿಗೆ ಕೊಕ್ಕೆ ಸಿಕ್ಕಿಸುವ ಮುನ್ನ ಸುಮ್ಮನೆ ಗಾಜು ಒರೆಸಿ ನೋಡಿದೆ.

ಒಳಗೆ ಮನುಷ್ಯನಿದ್ದ!

ಟಿಬುರ್ಸಿಯೊ ಮೊಂತೇರೊ. ಕೇಪ್‌ವರ್ಡ್ ದ್ವೀಪದಿಂದ ಬಂದು, ಆಯುಸ್ಸೆಲ್ಲ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಕೈಕಟ್ಟಿಕೊಂಡು ನಿದ್ದೆ ಹೋದವರ ಹಾಗೆ ಕೂತಿದ್ದರು. ಮೈ ತಣ್ಣಗಾಗಿತ್ತು.

ಅವರ ಮನೆ ಮೂಲೆ ತಿರುಗಿದರೆ ಸಿಗುತ್ತದೆ. ಹೋಗಿ ಹೆಂಡತಿ ಬೆಲ್ಮಿರಾಗೆ ಹೇಳಿದೆ. ಹೊರಗೆ ಬಂದೆ. ಮನೆ ಮುಂದೆ ಅವರ ಕಾರಿನ ಜಾಗದಲ್ಲಿ ದಿಂಬಿನ ಕುರ್ಚಿಯೊಂದು ಇತ್ತು. ಅದರ ಮೇಲೆಯೇ ಕುಸಿದು ಕೂತೆ. ನಮ್ಮಲ್ಲಿ ಹಿಮ ತೋಡಿ ಜಾಗ ಮಾಡಿಕೊಂಡವನು ಅಲ್ಲೊಂದು ಕುರ್ಚಿ ಇಟ್ಟು ಹೋದರೆ ಜಾಗ ಅವನದೇ. ಆ ಕುರ್ಚಿ ಎತ್ತಿದವನ ಟೈರು ಉಳಿಯುವುದಿಲ್ಲ.

ಪತ್ತೇದಾರಿ ಒನೈಡಾ ಬರೋಸ್ ಬಂದಾಗಲೂ ಅಲ್ಲೇ ಕೂತಿದ್ದೆ. ಅವಳೂ ಅದೇ ದ್ವೀಪದವರ ಮಗಳು. ನನ್ನ ಜೊತೆ ಹೋಗಿ ಹಸಿರು ಕಾರಿನ ಹಿಂದೆ ಬಗ್ಗಿ ನೋಡಿದಳು.

"ರಸ್ತೆ ಗೋರೋ ಲಾರಿ ಪಕ್ಕಕ್ಕೆ ತಳ್ಳಿದ ಹಿಮ ಸೈಲೆನ್ಸರ್ ಮುಚ್ಚಿದೆ. ಬೆಚ್ಚಗಿರಲಿ ಅಂತ ಎಂಜಿನ್ ಹಾಕ್ಕೊಂಡು ಕೂತಿದ್ದಾರೆ. ವಿಷಗಾಳಿ ಒಳಗೇ ತುಂಬಿದೆ. ಆದ್ರೆ ಮಲಾಕಿ — ಇವರು ಇಲ್ಲಿ ಯಾಕೆ ನಿಂತ್ರು?"

ಅದೇ ನನಗೂ ಅರ್ಥವಾಗಿರಲಿಲ್ಲ. ಕೆಂಪು ದೀಪಕ್ಕೆ ಖಾಲಿ ರಸ್ತೆಯಲ್ಲೂ ನಿಲ್ಲುವ ಮನುಷ್ಯ. ಮನೆ ಮುಂದೆ ತೋಡಿಟ್ಟ ಜಾಗ ಇರುವಾಗ ನಿಷೇಧದ ರಸ್ತೆಯಲ್ಲೇಕೆ?

ಸುದ್ದಿ ಕೇಳಿ ಓಡಿಬಂದ ಮಗಳು ಸೆಲೆಸ್ಟ್‌ಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಪಕ್ಕದ ಮನೆಯ ಫಿನರ್ಟಿಯ ಕೊರಳಪಟ್ಟಿಗೇ ಕೈಹಾಕಿದಳು.

"ಹೋದ ವರ್ಷ ಕುರ್ಚಿ ಎತ್ತೆಸೆದೋನು ನೀನೇ ತಾನೇ? ನಿನ್ನೆ ಮತ್ತೆ ಜಾಗ ನುಂಗಿದ್ಯಾ? ನಮ್ಮಪ್ಪನ್ನ ಬೀದೀಲಿ ಸಾಯ್ಸಿದ್ಯಲ್ಲೋ, ಪಾಪಿ!"

"ಹೋದ ವರ್ಷ ಮಾಡಿದ್ದು ಹೌದಮ್ಮ. ಈ ಸಲ ನಾನು ಮನೆ ಬಿಟ್ಟೇ ಇಳಿದಿಲ್ಲ. ಆಣೆ ಮಾಡ್ಲಾ?"

ಯಾರು ಕೇಳಬೇಕು! ಮಧ್ಯಾಹ್ನದೊಳಗೆ ಫಿನರ್ಟಿಯ ಕಾರಿನ ಟೈರುಗಳನ್ನೆಲ್ಲ ಯಾರೋ ಸೀಳಿದ್ದರು. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಕೊಲೆಗಡುಕನೆಂಬ ಈ ಹೆಸರು ಅಂಟಿಬಿಟ್ಟರೆ ಅವರು ಬೀದಿಯನ್ನೇ ಬಿಡಬೇಕಾಗುತ್ತಿತ್ತು.

ಒನೈಡಾ ಎಲ್ಲರನ್ನೂ ಬೆಲ್ಮಿರಾಳ ಅಡುಗೆಮನೆಗೆ ಕರೆದಳು. ಅಷ್ಟರಲ್ಲಿ ಮಗ ಅಡಿಲ್ಸನ್ ಕೂಡ ಬಂದು ಬಾಗಿಲಲ್ಲಿ ನಿಂತಿದ್ದ. ಅಜ್ಜಿಯ ಮಣ್ಣಿಗೆ ಬರಲಿಲ್ಲವೆಂದು ಅಪ್ಪ ಬೈದಂದಿನಿಂದ ಅಪ್ಪ-ಮಗನಿಗೆ ಮಾತಿರಲಿಲ್ಲ.

"ಬೆಲ್ಮಿರಮ್ಮ, ಯಜಮಾನರು ನಿನ್ನೆ ಎಲ್ಲಿಗೆ ಹೋಗಿದ್ರು?"

"ಬ್ರಾಕ್ಟನ್ನಿಗೆ, ತಂಗಿ ಮನೆಗೆ. ಈ ಹಿಮದಲ್ಲಿ ಎಲ್ಲಿ ಬರ್ತಾರೆ, ಅಲ್ಲೇ ಮಲಗಿರ್ತಾರೆ ಅಂದ್ಕೊಂಡೆ."

"ಹಿಮ ನಿಂತಿದ್ದು ಯಾವಾಗ?"

"ಬೆಳಗಿನ ಜಾವ," ಎಂದ ಫಿನರ್ಟಿ.

ಒನೈಡಾ ಥಟ್ಟನೆ ನನ್ನತ್ತ ತಿರುಗಿದಳು. "ಮಲಾಕಿ, ಬೆಳಿಗ್ಗೆ ಆ ಕುರ್ಚಿ ಮೇಲೆ ಕೂತ್ಯಲ್ಲ, ಪ್ಯಾಂಟು ಒದ್ದೆ ಆಯ್ತಾ?"

ಇದೆಂಥ ಪ್ರಶ್ನೆ? "ಇಲ್ಲ…" ಎಂದೆ. ಆಮೇಲೆ ತಲೆಗೆ ಹೊಳೆಯಿತು. ದಿಂಬು ಒಣಗಿತ್ತು!

"ರಾತ್ರಿಯಿಡೀ ಹೊರಗಿದ್ದ ದಿಂಬು ನೆಂದು ಕಲ್ಲಾಗಿರ್ಬೇಕಿತ್ತು. ಬೇರೆಯವರು ಜಾಗ ಕದ್ದಿದ್ರೆ ಕುರ್ಚೀನ ಪಕ್ಕಕ್ಕೆ ಎಸೀತಿದ್ರು, ಅದು ಹಿಮದಲ್ಲೇ ಬಿದ್ದಿರ್ತಿತ್ತು. ಕುರ್ಚಿ ಕೆಳಗೆ, ಒಂದು ಕಾರಿನ ಅಳತೆಯಷ್ಟು ಜಾಗದಲ್ಲಿ ಹಿಮವೇ ಇಲ್ಲ. ಫಿನರ್ಟಿ ಕಾರಿನ ಮೇಲಿನ ಹಿಮ ಚೂರೂ ಕದಡಿಲ್ಲ. ಅಂದ್ರೆ ರಾತ್ರಿ ಅಲ್ಲಿ ಇನ್ಯಾರದೋ ಕಾರಿತ್ತು, ಕುರ್ಚಿ ಒಂದು ಮನೆಯೊಳಗೆ ಬೆಚ್ಚಗಿತ್ತು. ಯಾರ ಮನೆ? ಕುರ್ಚಿ ಎತ್ತಿದ್ದು ನೀವೇ ಅಲ್ವಾ, ಬೆಲ್ಮಿರಮ್ಮ?"

ಸೆಲೆಸ್ಟ್ ಅಮ್ಮನತ್ತ ತಿರುಗಿದಳು.

"ನಾನೇ," ಎಂದಳು ಬೆಲ್ಮಿರಾ. "ಅವರಿಲ್ಲ, ಒಂದು ರಾತ್ರಿ ಬಂದು ಹೋಗೋ ಅಂತ ಮಗನಿಗೆ ಫೋನ್ ಮಾಡಿದ್ದೆ. ಕಚೂಪ ಬೇಯ್ಸಿದ್ದೆ, ಹೊಟ್ಟೆ ತುಂಬ ತಿಂದ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕುರ್ಚಿ ಇಟ್ಟು ಹೋಗು ಅಂದೆ."

"ಎಲ್ಲಾರೂ ಫಿನರ್ಟಿ ಮೇಲೆ ಬಿದ್ದಾಗ ಬಾಯಿಬಿಡ್ಬಾರ್ದಿತ್ತಾ, ಅಮ್ಮ?" ಎಂದಳು ಸೆಲೆಸ್ಟ್.

"ಬಾಯೇ ಬರಲಿಲ್ಲ ಕಣೇ."

ಫಿನರ್ಟಿ ತಲೆ ತಗ್ಗಿಸಿ ಕೂತ. ಗೆದ್ದ ಖುಷಿ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ನನಗಂತೂ ಆ ಅಡುಗೆಮನೆಯಿಂದ ಎದ್ದು ಓಡಬೇಕೆನಿಸಿತು.

"ಅಪ್ಪನಿಗೆ ಅದು ನನ್ನ ಕಾರು ಅಂತ ಗೊತ್ತಾಗಿರಲ್ಲ," ಎಂದ ಅಡಿಲ್ಸನ್. "ಯಾರೋ ಕಳ್ಳ ಅಂದ್ಕೊಂಡಿರ್ತಾರೆ. ಅಲ್ವಾ, ಮೇಡಂ?"

ಒನೈಡಾ ಮೆಲ್ಲಗೆ ಕೇಳಿದಳು. "ಬೆಳಿಗ್ಗೆ ಕಾರು ಹೇಗಿತ್ತು?"

"ಹೇಗಿತ್ತು ಅಂದ್ರೆ… ವೈಪರ್ ಎರಡೂ ಮೇಲೆತ್ತಿ ನಿಲ್ಸಿತ್ತು, ಗಾಜಿಗೆ ಹೆಪ್ಪುಗಟ್ಟದ ಹಾಗೆ. ಅಮ್ಮ ಎತ್ತಿರ್ಬೇಕು ಅಂದ್ಕೊಂಡೆ."

"ನಾನು ಮೆಟ್ಟಿಲೇ ಇಳಿದಿಲ್ಲ," ಎಂದಳು ಬೆಲ್ಮಿರಾ.

ಕಳ್ಳನ ಕಾರಿನ ವೈಪರನ್ನು ಹಾಗೆ ಯಾರೂ ಎತ್ತಿಡುವುದಿಲ್ಲ. ಮುದುಕ ಬಂದಿದ್ದಾನೆ, ಮಗನ ಕಾರು ಕಂಡಿದ್ದಾನೆ, ಅದಕ್ಕೊಂದು ಉಪಚಾರ ಮಾಡಿ, ಬೆಳಗಾಗುವವರೆಗೆ ಕಾಯೋಣವೆಂದು ಬೇರೆಲ್ಲೂ ತೋಡಿದ ಜಾಗವಿಲ್ಲದೆ ಮುಖ್ಯರಸ್ತೆಗೆ ಹೋಗಿ ಕೂತಿದ್ದಾನೆ.

ಅಡಿಲ್ಸನ್ ಗೋಡೆ ಹಿಡಿದು ಕುಕ್ಕರಿಸಿದ. "ಬಾಗಿಲು ತಟ್ಟಬಾರ್ದಿತ್ತಾ, ಅಮ್ಮ? ಒಂದು ಸಲ ತಟ್ಟಬಾರ್ದಿತ್ತಾ?"

ಬೆಲ್ಮಿರಾ ಮಗನ ತಲೆಯ ಮೇಲೆ ಕೈಯಿಟ್ಟಳು.

"ತಟ್ಟಿದ್ರೆ ನೀನು ಊಟ ಬಿಟ್ಟು ಎದ್ದು ಹೋಗ್ತಿದ್ಯಲ್ಲೋ, ಮಗಾ."

ಅವನು ಇಲ್ಲವೆನ್ನಲಿಲ್ಲ.